ಕಲಾ ಇತಿಹಾಸ ಓದಿದ ಮೇಲೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ
ಬರೆದವರು: ಚಾವಣಿಚಿತ್ರ

ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಚಿತ್ರಕಲೆಯಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಓದಿ, ಬೆಂಗಳೂರಿನಲ್ಲಿ ಕಲಾ ಇತಿಹಾಸವನ್ನು ಆರಿಸಿಕೊಂಡು ಎಂವಿಎ (ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಫಲಿತಾಂಶ ಬಂದು ಹತ್ತು ತಿಂಗಳಾಯಿತು. ನನಗೆ ಈಗ 25 ವರ್ಷ. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿರುವ ಸೀಬಿ ನರಸಿಂಹಸ್ವಾಮಿ ದೇವಾಲಯದ ಮುಖಮಂಟಪದ ಚಾವಣಿಯ ಚಿತ್ರಗಳು ನನ್ನ ಕಿರುಪ್ರಬಂಧದ ವಿಷಯವಾಗಿದ್ದವು. ಟಿಪ್ಪು ಸುಲ್ತಾನನ ಕಾಲದ ಆ ಚಿತ್ರಗಳನ್ನು, ಮಂಟಪದ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿ, ಒಂದೊಂದೇ ಅಂಕಣವಾಗಿ (ತೊಲೆಗಳ ನಡುವಿನ ಭಾಗ) ನೋಡಿ ರೇಖೆಯಲ್ಲಿ ನಕಲು ಮಾಡಿಕೊಂಡ ಎರಡು ಬೇಸಿಗೆಗಳಷ್ಟು ಸಂತೋಷವನ್ನು ನನ್ನ ಓದಿನ ಬೇರಾವ ಭಾಗವೂ ಕೊಡಲಿಲ್ಲ. ಈ ಕೆಲಸದಲ್ಲೇ ಬದುಕಬೇಕೆಂಬ ನಿರ್ಧಾರ ಆಗಲೇ ಆಗಿತ್ತು.

ಓದು ಮುಗಿದ ಮೇಲೆ ಬೆಂಗಳೂರಿನ ಒಂದು ಖಾಸಗಿ ಗ್ಯಾಲರಿಯಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದೆ. ಮೊದಲ ಮೂರು ತಿಂಗಳು ಸಂಬಳವಿರಲಿಲ್ಲ, ಆಮೇಲೆ ಬಸ್ಸಿನ ಖರ್ಚು ಮತ್ತು ಪಿಜಿಯ ಬಾಡಿಗೆಗೆ ಸಾಲುವಷ್ಟು ಸಿಗುತ್ತಿತ್ತು. ಪ್ರದರ್ಶನದ ಉದ್ಘಾಟನೆಯ ದಿನ ಅತಿಥಿಗಳಿಗೆ ಚಹಾ ಕೊಟ್ಟಿದ್ದೇನೆ, ಗೋಡೆಯ ಮೇಲೆ ಕೃತಿಗಳ ಹೆಸರಿನ ಪಟ್ಟಿ ಅಂಟಿಸಿದ್ದೇನೆ. ಒಂದು ಪ್ರದರ್ಶನದ ಕ್ಯಾಟಲಾಗಿಗೆ ಸುಮಾರು ಎರಡು ಸಾವಿರ ಪದಗಳ ಲೇಖನವನ್ನೂ ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಕೇಳಿದಾಗ, ಇಂಟರ್ನ್‌ಗಳ ಹೆಸರು ಹಾಕುವ ಪದ್ಧತಿ ತಮ್ಮಲ್ಲಿಲ್ಲ ಎಂದರು.

ಅಪ್ಪ ಪ್ರೌಢಶಾಲೆಯ ಶಿಕ್ಷಕರು, ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರು ನನ್ನನ್ನು ಒತ್ತಾಯಿಸುವುದಿಲ್ಲ. ಆದರೆ ಪ್ರತಿ ಭಾನುವಾರ ಫೋನಿನಲ್ಲಿ "ಮುಂದೆ ಏನು ಯೋಚನೆ ಮಾಡಿದೆಯಮ್ಮ?" ಎಂದು ಕೇಳಿದಾಗ ಕೊಡಲು ನನ್ನಲ್ಲಿ ಉತ್ತರವಿರುವುದಿಲ್ಲ. ಹಾಗಾಗಿ ಈ ಕ್ಷೇತ್ರದಲ್ಲಿ ದುಡಿದು ಅನುಭವವಿರುವ ಹಿರಿಯರನ್ನು ಕೇಳುತ್ತಿದ್ದೇನೆ. ಈಗಲೇ ಪಿಎಚ್‌ಡಿಗೆ ಸೇರುವುದು ಒಳ್ಳೆಯದೇ, ಅಥವಾ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಯೋಚಿಸಬೇಕೇ? ದೆಹಲಿಗೋ ಮುಂಬೈಗೋ ಹೋಗದೆ ಕರ್ನಾಟಕದಲ್ಲಿಯೇ ಇದ್ದು ಈ ವೃತ್ತಿಯಲ್ಲಿ ನೆಲೆ ನಿಲ್ಲಲು ಸಾಧ್ಯವೇ? ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳಬಲ್ಲೆ, ಬರೆಯುವಾಗ ತಡವರಿಸುತ್ತೇನೆ. ಇದು ಎಷ್ಟರಮಟ್ಟಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಬೇಕೆಂದು ವಿನಂತಿ.

ಉತ್ತರ 1
ಬರೆದವರು: ರಿಜಿಸ್ಟರ್ ಮನೆ

ನಾನು ಒಂದು ವಸ್ತುಸಂಗ್ರಹಾಲಯದ ದಾಖಲಾತಿ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ನನಗೆ ಗೊತ್ತಿರುವಷ್ಟಕ್ಕೆ ಮಾತ್ರ ಉತ್ತರಿಸುತ್ತೇನೆ, ಪಿಎಚ್‌ಡಿ ವಿಷಯವನ್ನು ಪಾಠ ಹೇಳುವವರು ಹೇಳಲಿ.

ಕಲಾ ಇತಿಹಾಸ ಓದಿದವರೆಲ್ಲರ ಮನಸ್ಸಿನಲ್ಲಿ ಕ್ಯುರೇಟರ್, ಅಂದರೆ ಸಂಗ್ರಹ ಮತ್ತು ಪ್ರದರ್ಶನಗಳನ್ನು ರೂಪಿಸುವವರು, ಎಂಬ ಒಂದು ಹುದ್ದೆ ಇರುತ್ತದೆ, ಉಳಿದ ಹುದ್ದೆಗಳು ಕಣ್ಣಿಗೆ ಬೀಳುವುದಿಲ್ಲ. ಆದರೆ ಒಂದು ಸಂಗ್ರಹಾಲಯ ನಿಂತಿರುವುದು ಅಕ್ಸೆಷನ್ ರಿಜಿಸ್ಟರಿನ ಮೇಲೆ. ಕೃತಿ ಒಳಗೆ ಬಂದ ದಿನ ಅದಕ್ಕೊಂದು ನಂಬರು ಕೊಟ್ಟು, ಅಳತೆ ತೆಗೆದು, ಯಾವ ಮಾಧ್ಯಮ, ಯಾರಿಂದ ಬಂತು, ಯಾವ ಸ್ಥಿತಿಯಲ್ಲಿ ಬಂತು, ಈಗ ಸ್ಟೋರಿನ ಯಾವ ಕಪಾಟಿನಲ್ಲಿದೆ ಎಂಬುದನ್ನೆಲ್ಲ ಬರೆದಿಡದಿದ್ದರೆ, ಮುಂದೆ ಆ ಕೃತಿ ಕಳೆದುಹೋದರೂ ಕಳೆದುಹೋಯಿತು ಎಂದು ಹೇಳಲು ಆಧಾರವಿರುವುದಿಲ್ಲ. ಹಳೆಯ ಸಂಗ್ರಹಾಲಯಗಳಲ್ಲಿ ಈ ಕೆಲಸ ಬೆಟ್ಟದಷ್ಟು ಬಾಕಿ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಆರಂಭವಾದದ್ದು 1865ರಲ್ಲಿ. ಇಂಥ ಹಳೆಯ ಸಂಸ್ಥೆಯೊಂದರಲ್ಲಿ ಒಂದೇ ವಸ್ತುವಿನ ವಿವರವನ್ನು ಎಷ್ಟು ತಲೆಮಾರಿನ ನೌಕರರು ಎಷ್ಟು ರೀತಿಗಳಲ್ಲಿ ಬರೆದಿರಬಹುದು ಎಂಬುದನ್ನು ಯೋಚಿಸಿ ನೋಡಿ. ಈಗ ಕೇಂದ್ರ ಸಂಸ್ಕೃತಿ ಸಚಿವಾಲಯದ ಸಂಗ್ರಹಾಲಯಗಳಲ್ಲಿ ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ 'ಜತನ್' ಎಂಬ ತಂತ್ರಾಂಶದಲ್ಲಿ ಈ ಮಾಹಿತಿಯನ್ನು ತುಂಬಲಾಗುತ್ತದೆ. ತಂತ್ರಾಂಶ ಕಲಿಯಲು ಒಂದು ವಾರ ಸಾಕು. ಅದರೊಳಗೆ ತುಂಬಬೇಕಾದ ನಾಲ್ಕು ಸಾಲಿನ ವಿವರಣೆಯನ್ನು ತಪ್ಪಿಲ್ಲದೆ ಬರೆಯಲು ನಿಮ್ಮಂಥವರ ಓದು ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ರಿಜಿಸ್ಟರಿನಲ್ಲಿ "ಲಕ್ಷ್ಮಿ, ತೈಲವರ್ಣ" ಎಂದು ನಮೂದಾಗಿದ್ದ ಒಂದು ಚೌಕಟ್ಟನ್ನು ಪರಿಶೀಲನೆಗೆ ಕೆಳಗಿಳಿಸಿದೆವು. ದೂರದಿಂದ ನೋಡಿದರೆ ತೈಲವರ್ಣದ ಹೊಳಪು, ಸೀರೆಯ ಅಂಚಿಗೆ ಹೊಲಿದ ಜರಿ. ಭೂತಗನ್ನಡಿ ಹಿಡಿದು ಕೆನ್ನೆಯ ಭಾಗವನ್ನು ನೋಡಿದಾಗ ಕುಂಚದ ಗುರುತೇ ಇರಲಿಲ್ಲ. ಬೇರೆ ಬೇರೆ ಬಣ್ಣದ ಸಣ್ಣ ಚುಕ್ಕೆಗಳು ಒಂದರ ಪಕ್ಕ ಒಂದು ಕೂತಿದ್ದವು. ಅದು ಕಲ್ಲಚ್ಚಿನಲ್ಲಿ ಮುದ್ರಿಸಿ ಮೇಲೆ ವಾರ್ನಿಷ್ ಹಚ್ಚಿದ ಓಲಿಯೋಗ್ರಾಫ್. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಆರಂಭಿಸಿದ ಮುದ್ರಣಾಲಯ ಅನಂತರ ಲೋಣಾವಳಾದ ಬಳಿಯ ಮಳವಲಿಗೆ ಸ್ಥಳಾಂತರವಾಯಿತು ಎಂಬುದನ್ನು ನೀವು ತರಗತಿಯಲ್ಲಿ ಓದಿರುತ್ತೀರಿ. ಆ ಓದು ಕೈಗೆ ಬರುವುದು ಇಂಥ ಹೊತ್ತಿನಲ್ಲಿ. ನಾವು ರಿಜಿಸ್ಟರಿನ ಹಳೆಯ ನಮೂದನ್ನು ಹೊಡೆದುಹಾಕಲಿಲ್ಲ, ಹಾಗೆ ಮಾಡಲೂಬಾರದು. ಅದರ ಪಕ್ಕದಲ್ಲಿ ದಿನಾಂಕ ಹಾಕಿ, ಪರಿಶೀಲಿಸಿದವರ ಸಹಿಯೊಂದಿಗೆ ತಿದ್ದುಪಡಿ ಬರೆದೆವು. ಅಂದು ನನಗಾದ ತೃಪ್ತಿಯನ್ನು ಇಷ್ಟು ವರ್ಷಗಳ ಮೇಲೂ ಮರೆತಿಲ್ಲ.

ಸರ್ಕಾರಿ ಹುದ್ದೆಗಳ ಬಗ್ಗೆ ಒಂದು ಎಚ್ಚರಿಕೆ. ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ನಮ್ಮಲ್ಲಿ ಬೆಂಗಳೂರು, ಧಾರವಾಡ ಮತ್ತು ಹಂಪಿ ವೃತ್ತಗಳಿವೆ (ಅಂದರೆ ಪ್ರಾದೇಶಿಕ ವಿಭಾಗಗಳು). ಕಾಯಂ ಹುದ್ದೆಗಳಿಗೆ ಅರ್ಜಿ ಕರೆಯುವುದು ಅಪರೂಪ. ಕರೆದಾಗಲೂ ಅರ್ಹತೆಯ ಕಾಲಂನಲ್ಲಿ ಪುರಾತತ್ತ್ವ, ಇತಿಹಾಸ ಅಥವಾ ಮ್ಯೂಸಿಯಾಲಜಿ (ಸಂಗ್ರಹಾಲಯ ಶಾಸ್ತ್ರ) ಎಂದಿದ್ದು, ಕಲಾ ಇತಿಹಾಸ ಎಂಬ ಮಾತು ಇಲ್ಲದಿರಬಹುದು. ಆದ್ದರಿಂದ ಕೊನೆಯ ದಿನದವರೆಗೆ ಕಾಯದೆ ಅಧಿಸೂಚನೆಯನ್ನು ಪೂರ್ತಿ ಓದಿ. ಮ್ಯೂಸಿಯಾಲಜಿಯಲ್ಲಿ ಒಂದು ಡಿಪ್ಲೊಮಾ ಇದ್ದರೆ ಆ ಬಾಗಿಲು ಸ್ವಲ್ಪ ಅಗಲವಾಗುತ್ತದೆ. ನನ್ನ ಮಟ್ಟಿಗೆ, ಆರಂಭದ ಐದು ವರ್ಷ ಗುತ್ತಿಗೆಯ ಮೇಲೆಯೇ ಕೆಲಸ ಮಾಡಿದೆ. ಹಾಗೆ ಮಾಡುವಾಗ ಮನೆಯವರ ಬೆಂಬಲವಿದ್ದುದರಿಂದ ಉಳಿದುಕೊಂಡೆ ಎಂಬುದನ್ನು ಹೇಳದೆ ಹೋದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಇನ್ನು ಕನ್ನಡದ ಮಾತು. ದಾನಿಗಳ ಪತ್ರಗಳು, ಅರಮನೆ ಮತ್ತು ಮಠಗಳ ಲೆಕ್ಕದ ಕಡತಗಳು, ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಾಲುಗಳು, ಇವೆಲ್ಲ ಕನ್ನಡದಲ್ಲಿರುತ್ತವೆ. ಉತ್ತರ ಕರ್ನಾಟಕದ ಕಡತಗಳಾದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯೂ ಬರುತ್ತದೆ. ಹಳೆಯ ಕೈಬರಹವನ್ನು ಓದಬಲ್ಲ ಯುವಕ ಯುವತಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನೀವು ಕೊರತೆ ಎಂದುಕೊಂಡಿರುವ ಕನ್ನಡ ಮಾಧ್ಯಮದ ಓದು ನಮ್ಮ ಸ್ಟೋರ್ ರೂಮಿನಲ್ಲಿ ತುಂಬ ಬೆಲೆಬಾಳುವಂಥದ್ದು.

ಉತ್ತರ 2
ಬರೆದವರು: ಗಿರಗಾಂವ್ ನಿವಾಸಿ

ನಾನು ಉಡುಪಿ ಕಡೆಯವನು. ಮುಂಬೈನಲ್ಲಿ ಒಂದು ಹರಾಜು ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿದ್ದೇನೆ. ಮಾರುಕಟ್ಟೆಯ ಕಡೆಯಿಂದ ನೋಡಿದರೆ ಈ ವೃತ್ತಿ ಹೇಗಿದೆ ಎಂಬುದನ್ನು ಹೇಳುತ್ತೇನೆ.

2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನ್ ಅವರ 'ಗ್ರಾಮ ಯಾತ್ರಾ' ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 1.38 ಕೋಟಿ ಡಾಲರ್‌ಗೆ ಮಾರಾಟವಾದ ಸುದ್ದಿಯನ್ನು ನೀವೂ ಓದಿರಬಹುದು. ಇಂಥ ಸುದ್ದಿ ಬಂದಾಗಲೆಲ್ಲ ಊರಿನಿಂದ ಫೋನು ಮಾಡುವವರು ನನ್ನ ಸಂಬಳವೂ ಅದೇ ಪ್ರಮಾಣದಲ್ಲಿ ಏರಿದೆ ಎಂದು ಭಾವಿಸುತ್ತಾರೆ. ಕೃತಿಯ ಬೆಲೆಗೂ ಅದರ ವಿವರವನ್ನು ಬರೆಯುವವರ ಸಂಬಳಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು ಬನ್ನಿ. ಆರಂಭದ ಸಂಬಳದಲ್ಲಿ ಮುಂಬೈನ ಬಾಡಿಗೆ ಕೊಟ್ಟು ಉಳಿಯುವುದು ಕಡಿಮೆ.

ಆದರೆ ಕೆಲಸ ನಿಜಕ್ಕೂ ಕಲಾ ಇತಿಹಾಸದ ಕೆಲಸ. ಒಂದು ಚಿತ್ರ ನಮ್ಮ ಬಳಿ ಬಂದರೆ ಅದರ ಪ್ರಾವೆನನ್ಸ್, ಅಂದರೆ ಕಲಾವಿದರ ಕೈಯಿಂದ ಇಂದಿನ ಮಾಲೀಕರ ಕೈಯವರೆಗೆ ಅದು ಸಾಗಿಬಂದ ದಾರಿಯನ್ನು ಹುಡುಕಬೇಕು. ಯಾವ ಪ್ರದರ್ಶನದಲ್ಲಿತ್ತು, ಯಾವ ಪುಸ್ತಕದಲ್ಲಿ ಅಚ್ಚಾಗಿದೆ, ಸಹಿ ಆ ಕಾಲದ ಬೇರೆ ಸಹಿಗಳೊಂದಿಗೆ ಹೊಂದುತ್ತದೆಯೇ, ಕ್ಯಾನ್ವಾಸಿನ ಹಿಂಬದಿಯ ಚೀಟಿ ಏನು ಹೇಳುತ್ತದೆ, ಎಲ್ಲವನ್ನೂ ನೋಡಬೇಕು. ಜೊತೆಗೆ ಕಾನೂನು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮುಂತಾದವು ಪುರಾತನ ವಸ್ತುಗಳು, ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಸೇರಿದಂತೆ ಒಂಬತ್ತು ಕಲಾವಿದರ ಕೃತಿಗಳು, ನೂರು ವರ್ಷ ಆಗಿರಲಿ ಬಿಡಲಿ, ಕಲಾ ನಿಧಿಗಳ ಪಟ್ಟಿಯಲ್ಲಿವೆ. ಸಂದರ್ಶನದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಬಲ್ಲ ಅಭ್ಯರ್ಥಿಗಳು ನಮಗೆ ಸಿಗುವುದು ಕಡಿಮೆ. ಒಂದು ಮಧ್ಯಾಹ್ನ ಕುಳಿತು ಆ ಕಾಯ್ದೆಯನ್ನು ಓದಿಬಿಡಿ, ಅದು ದೊಡ್ಡದೇನಲ್ಲ.

ಇಂಗ್ಲಿಷ್ ಬಗ್ಗೆ ಮುಚ್ಚಿಡದೆ ಹೇಳಬೇಕೆಂದಿದ್ದೀರಿ. ಹರಾಜು ಸಂಸ್ಥೆ ಮತ್ತು ದೊಡ್ಡ ಗ್ಯಾಲರಿಗಳಲ್ಲಿ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದಿಲ್ಲದೆ ಆಗುವುದಿಲ್ಲ. ನಾನೂ ಕನ್ನಡ ಮಾಧ್ಯಮದವನೇ. ಎರಡು ವರ್ಷಗಳ ಕಾಲ ದಿನಕ್ಕೊಂದು ಕೃತಿಯನ್ನು ಎದುರಿಗಿಟ್ಟುಕೊಂಡು, ಯಾವ ವಿಶೇಷಣವನ್ನೂ ಬಳಸದೆ, ಕಣ್ಣಿಗೆ ಕಾಣುವುದನ್ನು ಮಾತ್ರ ನೂರೈವತ್ತು ಪದಗಳಲ್ಲಿ ಬರೆದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸ್ಪಷ್ಟವಾಗಿ ಕಂಡದ್ದು ಮಾತ್ರ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರುತ್ತಿತ್ತು. ಉಳಿದದ್ದು ಎರಡೂ ಭಾಷೆಗಳಲ್ಲಿ ಮಸುಕಾಗಿಯೇ ಇರುತ್ತಿತ್ತು.

ಕನ್ನಡ ಇಲ್ಲಿಯೂ ಒಮ್ಮೆ ನನ್ನ ಕೈಹಿಡಿದಿದೆ. ಒಬ್ಬ ಹಿರಿಯ ಕಲಾವಿದರ ಚಿತ್ರದ ಮಾಲೀಕತ್ವದಲ್ಲಿ ಸುಮಾರು ಇಪ್ಪತ್ತು ವರ್ಷಗಳ ಅವಧಿಗೆ ಯಾವ ಆಧಾರವೂ ಇರಲಿಲ್ಲ. ಚೌಕಟ್ಟು ಬಿಚ್ಚಿದಾಗ ಹಿಂಬದಿಯ ರಟ್ಟಿನ ಮೇಲೆ, ಮದುವೆಯ ಉಡುಗೊರೆಯಾಗಿ ಯಾರು ಯಾರಿಗೆ ಕೊಟ್ಟರು ಎಂಬ ಎರಡು ಸಾಲು ಕನ್ನಡದಲ್ಲಿತ್ತು, ತಾರೀಖೂ ಇತ್ತು. ಕಚೇರಿಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈನಲ್ಲಿ ನೆಲೆಸಿದ ಕೆ.ಕೆ. ಹೆಬ್ಬಾರರಂಥ ಕಲಾವಿದರ ಬದುಕಿನ ಸಾಕ್ಷ್ಯಗಳೂ ಎರಡು ಊರುಗಳಲ್ಲಿ, ಎರಡು ಮೂರು ಭಾಷೆಗಳಲ್ಲಿ ಹಂಚಿಹೋಗಿರುತ್ತವೆ.

ಮುಂಬೈಗೆ ಬರಲೇಬೇಕೆಂದಿಲ್ಲ. ಬೆಂಗಳೂರಿನಲ್ಲೀಗ ಮೊದಲಿಗಿಂತ ಹೆಚ್ಚು ಅವಕಾಶಗಳಿವೆ. ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಲ್ಲಿ ತೆರೆಯಿತು, ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೊಟೊಗ್ರಫಿ 2023ರಲ್ಲಿ ತನ್ನ ಕಟ್ಟಡದ ಬಾಗಿಲು ತೆರೆಯಿತು. ಆದರೂ ಒಮ್ಮೆಯಾದರೂ ಫೆಬ್ರುವರಿಯಲ್ಲಿ ದೆಹಲಿಯ ಇಂಡಿಯಾ ಆರ್ಟ್ ಫೇರ್ ಮತ್ತು ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ಕೊಚ್ಚಿಯ ಬಿನಾಲೆಯನ್ನು ನೋಡಿ ಬನ್ನಿ. ಯಾವ ಸಂಸ್ಥೆ ಯಾವ ಬಗೆಯ ಕೆಲಸ ಮಾಡುತ್ತದೆ ಎಂಬುದು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಅಂಥ ಕಡೆ ತಾತ್ಕಾಲಿಕ ಕೆಲಸಕ್ಕೂ ಜನ ಬೇಕಾಗಿರುತ್ತದೆ.

ಉತ್ತರ 3
ಬರೆದವರು: ಬಂಗಾರದ ರೇಕು

ತಂಗಿ, ನೀವು ಬಿವಿಎಯಲ್ಲಿ ಚಿತ್ರಕಲೆ ಓದಿದ್ದೀರಿ ಎಂಬುದನ್ನು ಮೇಲಿನ ಇಬ್ಬರೂ ಗಮನಿಸಿದಂತಿಲ್ಲ. ನಾನು ಮೈಸೂರಿನಲ್ಲಿ ಚಿತ್ರಗಳ ಸಂರಕ್ಷಣೆಯ ಕೆಲಸ ಮಾಡುತ್ತೇನೆ. ಕುಂಚ ಹಿಡಿದ ಕೈ ಮತ್ತು ಇತಿಹಾಸ ಓದಿದ ಕಣ್ಣು ಎರಡೂ ಇರುವವರು ನಮ್ಮ ವಿಭಾಗಕ್ಕೆ ಬೇಕು.

ಮೈಸೂರು ಶೈಲಿಯ ಒಂದು ಹಳೆಯ ಚಿತ್ರ ನಮ್ಮ ಮೇಜಿಗೆ ಬಂದಾಗ ಹೆಚ್ಚಾಗಿ ಕಾಣುವುದು ಎರಡು ತೊಂದರೆಗಳು. ತೇವಕ್ಕೆ ಉಬ್ಬುಕೆಲಸದ ಪದರ ಎದ್ದು, ಅದರ ಮೇಲಿನ ಬಂಗಾರದ ರೇಕು ಉದುರಿರುತ್ತದೆ. ಎರಡನೆಯದು, ಮನೆಯವರು ಹಬ್ಬಕ್ಕೆ ಶುಚಿಮಾಡಲು ಒದ್ದೆ ಬಟ್ಟೆಯಿಂದ ಒರೆಸಿ ಬಣ್ಣವನ್ನು ಕಳೆದುಕೊಂಡಿರುತ್ತಾರೆ, ಏಕೆಂದರೆ ಆ ಬಣ್ಣಗಳು ನೀರಿಗೆ ಕರಗುವಂಥವು. ಭಕ್ತಿಯಿಂದ ಮಾಡಿದ ಕೆಲಸವೇ ಚಿತ್ರವನ್ನು ಕೆಡಿಸಿರುವುದನ್ನು ನೋಡಿದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಇಲ್ಲಿ ಮೊದಲು ಕಲಿಯಬೇಕಾದದ್ದು, ಇಲ್ಲದ ಭಾಗವನ್ನು ತಾನೇ ಬರೆದು ತುಂಬುವ ಆಸೆಯನ್ನು ತಡೆಯುವುದು. ಚಿತ್ರಕಲಾವಿದರಿಗೆ ಇದು ಕಷ್ಟ, ನನಗೂ ಕಷ್ಟವಾಗಿತ್ತು.

ರಸಾಯನಶಾಸ್ತ್ರದ ತಿಳಿವಳಿಕೆ ಬೇಕೇ ಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿರದಿದ್ದರೆ ಅದಕ್ಕಾಗಿ ಒಂದು ವರ್ಷ ತೆಗೆದಿಡಿ. ಲಖನೌದಲ್ಲಿರುವ ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯವು ತರಬೇತಿ ಕೊಡುತ್ತದೆ, ಅದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಹಯೋಗದ ಸಂರಕ್ಷಣಾ ಕೇಂದ್ರವಿದೆ. ಪದವಿಯೇ ಬೇಕೆಂದರೆ ನೊಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನಲ್ಲಿ ಎಂಎ ಇದೆ, ಮೊದಲು ಅದನ್ನು ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದರು. ಪ್ರವೇಶದ ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ಓದಿಕೊಳ್ಳಿ. ಸೇರುವ ಮೊದಲು ಒಮ್ಮೆ ಯಾವುದಾದರೂ ಪ್ರಯೋಗಾಲಯಕ್ಕೆ ಹೋಗಿ, ದಿನವಿಡೀ ಒಂದು ಅಂಗುಲದ ಜಾಗದ ಮೇಲೆ ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು ನೋಡಿ. ಸಂಜೆಗೆ ಬೇಸರ ಬರಲಿಲ್ಲವೆಂದರೆ ಈ ಕೆಲಸ ನಿಮ್ಮದು.

ಉತ್ತರ 4
ಬರೆದವರು: ಸಾಧನಕೇರಿ ವಾಸಿ

ನಾನು ಧಾರವಾಡದವನು. ದೃಶ್ಯಕಲೆಯ ವಿದ್ಯಾರ್ಥಿಗಳಿಗೆ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಪಿಎಚ್‌ಡಿ ಪ್ರಶ್ನೆಗೆ ಉತ್ತರಿಸುವುದು ನನ್ನ ಪಾಲಿಗೆ ಬಂದಿದೆ.

ಮೊದಲು ಹಣದ ಮಾತು ಮುಗಿಸೋಣ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ದೃಶ್ಯಕಲೆ ಎಂಬ ವಿಷಯದೊಳಗೆ ಕಲಾ ಇತಿಹಾಸವೂ ಸೇರಿದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ, ಆಮೇಲೆ 42,000. ಇದಕ್ಕೆ ಸಾಮಾನ್ಯವಾಗಿ 30 ವರ್ಷದ ವಯೋಮಿತಿ ಇದೆ, ಮಹಿಳೆಯರಿಗೆ ಮತ್ತು ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ನಿಮಗಿನ್ನೂ 25, ಅಂದರೆ ಅವಸರವಿಲ್ಲ. ಪರೀಕ್ಷೆಯ ಸಿದ್ಧತೆಯನ್ನು ಮಾತ್ರ ಈ ವರ್ಷವೇ ಆರಂಭಿಸಿ, ಓದಿದ್ದು ಇನ್ನೂ ನೆನಪಿನಲ್ಲಿರುವಾಗ ಬರೆಯುವುದು ಸುಲಭ. ಶಿಷ್ಯವೇತನವಿಲ್ಲದೆ ಪಿಎಚ್‌ಡಿಗೆ ಸೇರಿ, ಅತಿಥಿ ಉಪನ್ಯಾಸಕರಾಗಿ ನಾಲ್ಕು ಕಾಲೇಜು ಅಲೆದು, ಪ್ರಬಂಧವನ್ನೂ ಮುಗಿಸಲಾಗದೆ, ಕೆಲಸವೂ ಕಾಯಂ ಆಗದೆ ಬಳಲಿದ ಬುದ್ಧಿವಂತ ವಿದ್ಯಾರ್ಥಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ನನ್ನ ಸಲಹೆ ಖಚಿತವಾಗಿದೆ, ಶಿಷ್ಯವೇತನವಿಲ್ಲದೆ ಸೇರಬೇಡಿ.

ಇನ್ನು ವಿಷಯದ ಆಯ್ಕೆ. ನಾನು ಹೆಚ್ಚು ಹೇಳಬೇಕಾಗಿರುವುದು ಇದರ ಬಗ್ಗೆಯೇ. ಬಾದಾಮಿ, ಬೇಲೂರು, ಹಂಪಿಗಳ ಮೇಲೆ ಬರೆಯಬೇಡಿ ಎಂದು ನಾನು ಹೇಳುವುದಿಲ್ಲ, ಅವು ಬರಿದಾಗುವ ವಿಷಯಗಳಲ್ಲ. ಆದರೆ ಆ ಕಲ್ಲುಗಳು ಇನ್ನೂ ನೂರು ವರ್ಷ ನಿಮಗಾಗಿ ಕಾಯುತ್ತವೆ. ಕಾಯದೆ ಇರುವ ಸಾಮಗ್ರಿಯೊಂದು ನಮ್ಮ ಕಣ್ಣೆದುರೇ ರದ್ದಿಗೆ ಹೋಗುತ್ತಿದೆ. ಕಳೆದ ಶತಮಾನದಲ್ಲಿ ಉತ್ತರ ಕರ್ನಾಟಕದ ಹುಡುಗರು ಮುಂಬೈನ ಜೆ.ಜೆ. ಕಲಾಶಾಲೆಗೆ ಹೋಗಿ ಕಲಿತು ಬಂದು, ಇಲ್ಲಿ ಡ್ರಾಯಿಂಗ್ ಮಾಸ್ತರರಾದರು, ಕಲಾಶಾಲೆ ಕಟ್ಟಿದರು, ನಾಟಕ ಕಂಪನಿಗಳಿಗೆ ಪರದೆ ಬರೆದರು, ಕ್ಯಾಲೆಂಡರುಗಳಿಗೆ ದೇವರ ಚಿತ್ರ ಬರೆದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾಶಾಲೆಯ ಹೆಸರನ್ನು ನೀವು ಕೇಳಿರುತ್ತೀರಿ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರು ಮುಂಬೈನಲ್ಲಿ ನೆಲೆಸಿ ಬರೆದ ಪೌರಾಣಿಕ ಚಿತ್ರಗಳು ಮತ್ತು ಸಿನಿಮಾ ಪೋಸ್ಟರುಗಳು ದೇಶದ ಎಷ್ಟೋ ಮನೆಗಳ ಗೋಡೆಗಳನ್ನು, ಎಷ್ಟೋ ಊರುಗಳ ಚಿತ್ರಮಂದಿರಗಳನ್ನು ತಲುಪಿದವು. ಇವರ ಹೆಸರಾದರೂ ಉಳಿದಿದೆ. ಇವರ ಜೊತೆಯವರು, ಶಿಷ್ಯರು, ಪರದೆಯ ಮೂಲೆಯಲ್ಲಿ ಸಹಿಯನ್ನೂ ಹಾಕದೆ ಹೋದವರು ಎಷ್ಟು ಜನ! ಅವರ ರೇಖಾಪುಸ್ತಕಗಳು, ಜೆ.ಜೆ.ಯ ಪ್ರಮಾಣಪತ್ರಗಳು, ಕಂಪನಿ ಮಾಲೀಕರ ಪತ್ರಗಳು ಗದಗ, ಬಾಗಲಕೋಟೆ, ವಿಜಯಪುರದ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿವೆ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಹೋಗುವುದು ಆ ಟ್ರಂಕು. ನಾನೇ ಎರಡು ಬಾರಿ ತಡವಾಗಿ ತಲುಪಿದ್ದೇನೆ. ಒಂದು ಮನೆಯಲ್ಲಿ ಮೊಮ್ಮಗ, "ಹೋದ ತಿಂಗಳ ಬಂದಿದ್ರ ಸಿಗತಿತ್ತರಿ" ಎಂದ.

ಈ ಕೆಲಸಕ್ಕೆ ಬೇಕಾದ ಭಾಷೆ ಕನ್ನಡ. ಆ ಮನೆಗಳ ಹಿರಿಯರೊಂದಿಗೆ ಕುಳಿತು ಅವರ ಮಾತಿನಲ್ಲೇ ಮಾತನಾಡಬೇಕು, ಅವರು ಕೊಟ್ಟ ಕಾಗದವನ್ನು ಅಲ್ಲಿಯೇ ಫೋಟೊ ತೆಗೆದು ಅವರ ಕೈಗೇ ಹಿಂದಿರುಗಿಸಬೇಕು. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು ಸಂಶೋಧನೆಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು ಕಳಿಸಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ ಎರಡು ವರ್ಷಗಳ ಅವಧಿಯದು, ತಿಂಗಳಿಗೆ 10,000 ರೂಪಾಯಿ. ಮೊತ್ತ ಚಿಕ್ಕದಾದರೂ ಬೇರೊಂದು ಕೆಲಸದ ಜೊತೆಗೆ ಓಡಾಟದ ಖರ್ಚಿಗೆ ಆಗುತ್ತದೆ. ಹೀಗೆ ಒಂದು ಸಣ್ಣ ಯೋಜನೆ ಮುಗಿಸಿದ ಮೇಲೆ, ಅದರೊಳಗಿಂದ ನಿಮ್ಮನ್ನು ಬಿಡದೆ ಕಾಡುವ ಪ್ರಶ್ನೆಯೊಂದು ಹುಟ್ಟಿದರೆ, ಆಗ ಪಿಎಚ್‌ಡಿಗೆ ಬನ್ನಿ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಶಾಂತಿನಿಕೇತನ, ದೆಹಲಿಯ ಜೆಎನ್‌ಯುವಿನ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಎಲ್ಲಿಗೆ ಹೋಗಬೇಕೆಂಬುದನ್ನು ಆ ಪ್ರಶ್ನೆಯೇ ನಿರ್ಧರಿಸುತ್ತದೆ.

ಮತ್ತೆ ಬರೆದವರು: ಚಾವಣಿಚಿತ್ರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಸಾಧನಕೇರಿಯ ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ತಮ್ಮ ಬಾಲ್ಯದಲ್ಲಿ ಊರಿನ ಜಾತ್ರೆಗೆ ಬರುತ್ತಿದ್ದ ನಾಟಕ ಕಂಪನಿಗೆ ಪರದೆ ಬರೆದವರ ಮನೆ ರಾಣೆಬೆನ್ನೂರಿನಲ್ಲಿ ಇತ್ತೆಂದೂ, ಅವರ ಮಗ ಈಗಲೂ ಅಲ್ಲಿಯೇ ಇರಬಹುದೆಂದೂ ಅಪ್ಪ ಹೇಳಿದರು. ಮುಂದಿನ ಭಾನುವಾರ ನಾವಿಬ್ಬರೂ ಹೋಗಿ ವಿಚಾರಿಸಲಿದ್ದೇವೆ. ರೇಕು ಅಕ್ಕ, ನಾನು ಪಿಯುಸಿಯಲ್ಲಿ ಕಲಾ ವಿಭಾಗದವಳು, ಆದರೂ ಮೈಸೂರಿಗೆ ಬಂದು ಒಂದು ದಿನ ನೋಡುವ ಆಸೆ ಇದೆ. ಡಿಸೆಂಬರಿನ ನೆಟ್ ಪರೀಕ್ಷೆ ಬರೆಯುವುದೆಂದು ತೀರ್ಮಾನಿಸಿದ್ದೇನೆ.

ಗಿರಗಾಂವ್‌ನವರಿಗೆ ಒಂದು ಪ್ರಶ್ನೆ. ಹೆಸರಿಲ್ಲದೆ ಅಚ್ಚಾದ ಆ ಕ್ಯಾಟಲಾಗ್ ಲೇಖನವನ್ನು ನನ್ನ ಬರವಣಿಗೆಯ ಮಾದರಿಯಾಗಿ ಅರ್ಜಿಗಳ ಜೊತೆ ಕಳಿಸಬಹುದೇ? ಇದರಿಂದ ಮುಂದೆ ತೊಂದರೆಯಾಗುತ್ತದೆಯೇ?

ಉತ್ತರ
ಬರೆದವರು: ಗಿರಗಾಂವ್ ನಿವಾಸಿ

ಅರ್ಜಿಯ ಜೊತೆ ಕಳಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಪ್ರಕಾರ, ಕೃತಿಸ್ವಾಮ್ಯ ಬೇರೆಯವರಿಗೆ ಹೋಗಿದ್ದರೂ ಆ ಬರಹ ತನ್ನದೆಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲಿಯೇ ಉಳಿಯುತ್ತದೆ. ಮರುಮುದ್ರಣ ಮಾಡುವ ಹಕ್ಕು ಯಾರದು ಎಂಬುದು ಬೇರೆ ಪ್ರಶ್ನೆ, ಅದು ನೀವು ಯಾವ ಒಪ್ಪಂದದ ಮೇಲೆ ಕೆಲಸ ಮಾಡಿದಿರಿ ಎಂಬುದನ್ನು ಅವಲಂಬಿಸಿದೆ. ಹಾಗಾಗಿ ಅದನ್ನು ಬ್ಲಾಗಿನಲ್ಲೋ ಪತ್ರಿಕೆಯಲ್ಲೋ ಮತ್ತೆ ಪ್ರಕಟಿಸಬೇಡಿ. ಅರ್ಜಿಯಲ್ಲಿ "ಇಂಟರ್ನ್ ಆಗಿದ್ದಾಗ ಬರೆದದ್ದು, ಅಚ್ಚಿನಲ್ಲಿ ಹೆಸರಿಲ್ಲ" ಎಂಬ ಒಂದು ಸಾಲು ಸೇರಿಸಿದರೆ ಸಾಕು. ನೀವು ಕಳಿಸಿದ ಕರಡುಗಳು ಮತ್ತು ಅವರು ತಿದ್ದುಪಡಿ ಕೇಳಿದ ಇಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಮುಂದಿನ ಬಾರಿ ಬರೆಯಲು ಕೂರುವ ಮೊದಲೇ ಗೌರವಧನ ಎಷ್ಟು, ಹೆಸರು ಎಲ್ಲಿ ಬರುತ್ತದೆ, ಎಷ್ಟು ಬಾರಿ ತಿದ್ದಿಕೊಡಬೇಕು ಎಂಬ ಮೂರು ವಿಷಯಗಳನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಪಡೆಯಿರಿ. ಬಾಯಿಮಾತಿನಲ್ಲಿ ಒಪ್ಪಿಕೊಂಡರೆ, "ತಾವು ತಿಳಿಸಿದಂತೆ" ಎಂದು ಆರಂಭಿಸಿ ನೀವೇ ಒಂದು ಇಮೇಲ್ ಬರೆದುಬಿಡಿ.

ಉತ್ತರ
ಬರೆದವರು: ರಿಜಿಸ್ಟರ್ ಮನೆ

ರಾಣೆಬೆನ್ನೂರಿಗೆ ಹೋಗುವಾಗ ಅಳತೆಯ ಟೇಪು, ಬೂದುಬಣ್ಣದ ಒಂದು ರಟ್ಟು ಮತ್ತು ಪೆನ್ಸಿಲು ಒಯ್ಯಿರಿ. ಹಳೆಯ ಕಾಗದದ ಹತ್ತಿರ ಪೆನ್ನು ಬೇಡ. ಪ್ರತಿ ಫೋಟೊದಲ್ಲಿಯೂ ಅಳತೆಪಟ್ಟಿ ಕಾಣಲಿ, ಚಿತ್ರದ ಹಿಂಬದಿಯನ್ನೂ ತೆಗೆಯಿರಿ. ಅದಕ್ಕಿಂತ ಮೊದಲು ಸೀಬಿಯ ಚಾವಣಿಯ ಯಾವುದಾದರೂ ಮೂರು ಅಂಕಣಗಳಿಗೆ ದಾಖಲೆಯ ಚೀಟಿ ಬರೆದು ಇಲ್ಲಿಯೇ ಹಾಕಿ. ಅಂಕಣದ ಸ್ಥಾನ, ಅಳತೆ, ಕಾಣುವ ದೃಶ್ಯ, ಬಣ್ಣ ಉದುರಿದ ಜಾಗ, ನೀವು ನೋಡಿದ ದಿನಾಂಕ ಇಷ್ಟಿರಲಿ. ನಾನು ನೋಡಿ, ತಿದ್ದಬೇಕಾದದ್ದಿದ್ದರೆ ಹೇಳುತ್ತೇನೆ.